ಕಿಟಕಿ ಕಡೆಯ ಕೆನ್ನೆ

ನನ್ನ ತಮ್ಮ ನನ್ನ ಗಂಡನ ಮುಖವನ್ನು ಮೂಗಿನ ನೇರಕ್ಕೆ ಎರಡು ಹೋಳು ಮಾಡಿದಾಗ ನಾನು ಪಕ್ಕದ ಸ್ಟೂಲಿನ ಮೇಲೆ ಕೂತು ಬಸ್ಸಿನ ಸೀಟ್ ಕವರಿಗೆ ಲಾಡಿ ಪೋಣಿಸುತ್ತಿದ್ದೆ. ಹೋಳು ಮಾಡಿದ್ದು ಕಂಪ್ಯೂಟರಿನಲ್ಲಿ. ಆದರೂ ಆಮೇಲೆ ಆದದ್ದನ್ನೆಲ್ಲ ನೆನೆದರೆ ನಿಜವಾದ ಕತ್ತಿಯೇ ಆಡಿದ ಹಾಗೆ ಎದೆ ಝಲ್ಲೆನ್ನುತ್ತದೆ.

ತಮ್ಮನದು ಫೋಟೋ ಸ್ಟುಡಿಯೋ. ಬೀದಿಗೆ ಮುಖ ಮಾಡಿದ ಗಾಜಿನ ಶೋಕೇಸು, ಒಳಗೆ ನೀಲಿ ಪರದೆ, ಕೊಡೆ ಹಾಕಿದ ಎರಡು ದೀಪ, ಗೋಡೆಗೆ ಕನ್ನಡಿ, ಕನ್ನಡಿಯ ಕೆಳಗೆ ದಾರ ಕಟ್ಟಿದ ಒಂದು ಬಾಚಣಿಗೆ. ಅವನ ಅಂಗಡಿಯಿಂದ ಮೊಡವೆ, ಮಚ್ಚೆ, ಕಲೆ ಇರುವ ಮುಖ ಹೊರಗೆ ಹೋದದ್ದೇ ಇಲ್ಲ. ಗಿರಾಕಿ ಕೇಳಲಿ ಬಿಡಲಿ, ಒರೆಸಿ ನುಣ್ಣಗೆ ಮಾಡಿಯೇ ಕೊಡುವುದು ಅವನ ಪದ್ಧತಿ. ಅದಕ್ಕೇ ಎಲ್ಲರ ಬಾಯಲ್ಲೂ ಅವನು ಪಾಲಿಶ್.

ನಮ್ಮವರಿಗೂ ಒಂದು ಅಡ್ಡಹೆಸರಿದೆ, ಹಾರನ್. ದೂರದ ದಾರಿಯ ಬಸ್ಸಿನ ಡ್ರೈವರು. ಬಸ್ಸಿನ ಹಾರನ್ ಕೆಟ್ಟರೂ ಗಂಟಲಿನಿಂದಲೇ ದಾರಿ ಬಿಡಿಸಿಕೊಳ್ಳುತ್ತಾರೆ ಅನ್ನುವುದು ಅವರ ಜೊತೆಯವರ ಮಾತು. ಆ ಗಂಟಲಿನ ಮೇಲೆ ಇವರಿಗೆ ಎಷ್ಟು ಜತನವೆಂದರೆ, ಧೂಳು ಬರುತ್ತದೆಂದು ತಮ್ಮ ಪಕ್ಕದ ಕಿಟಕಿಯ ಗಾಜನ್ನು ಎಂದೂ ಇಳಿಸಿದವರಲ್ಲ. ಹಳೆಯ ಬಸ್ಸಿನಲ್ಲೂ ಇಲ್ಲ, ಈಗಿನ ಏಸಿ ಬಸ್ಸಿನಲ್ಲಂತೂ ಪ್ರಶ್ನೆಯೇ ಇಲ್ಲ.

ಆವತ್ತು ಬಸ್ ಕಂಪನಿಯ ಗುರುತಿನ ಚೀಟಿಗೆ ಹೊಸ ಫೋಟೋ ತೆಗೆಸಲು ಬಂದಿದ್ದೆವು. ಬಂದವರೇ ಇವರು ಶೋಕೇಸಿನ ಎದುರು ನಿಂತು ಗೊಣಗಿದರು. ಅಲ್ಲೊಂದು ಹಲಗೆ ಇದೆ. ಅದರ ಮೇಲೆ ಅಕ್ಕಪಕ್ಕ ಎರಡು ದೊಡ್ಡ ಮುಖ, ಒಂದರ ಕೆಳಗೆ ‘ಮೊದಲು’, ಇನ್ನೊಂದರ ಕೆಳಗೆ ‘ನಂತರ’. ಎರಡೂ ನಮ್ಮವರದೇ. ಬೇರೆ ಗಿರಾಕಿಯದು ಹಾಕಿದರೆ ಜಗಳಕ್ಕೆ ಬರುತ್ತಾರೆ, ಭಾವನಾದರೆ ಬೈದು ಸುಮ್ಮನಾಗುತ್ತಾರೆ ಅನ್ನುವುದು ಪಾಲಿಶನ ಲೆಕ್ಕ.

“ಮತ್ತೆ ಬಣ್ಣ ಹೋಗಿದೆಯಲ್ಲೋ. ಬಿಟ್ಟಿ ಹೀರೋ ಅಂತ ಹೀಗೆ ಬಿಸಿಲಿಗೆ ಒಣಗಿ ಹಾಕೋದಾ?”

“ಹೊಸ ಹಲಗೆ ಮಾಡ್ತೀನಿ ಭಾವ. ಈ ಗಾಜಿನ ಹಿಂದೆ ಯಾವ ಫೋಟೋನೂ ಬಾಳಲ್ಲ.”

ಫೋಟೋ ತೆಗೆದಾಯಿತು. ಆಗ ಪಾಲಿಶನಿಗೆ ಚೇಷ್ಟೆ ಬುದ್ಧಿ ಬಂತು.

“ಭಾವ, ಒಂದು ತಮಾಷೆ ತೋರಿಸ್ಲಾ? ಮನುಷ್ಯನ ಮುಖದ ಎರಡು ಅರ್ಧ ಒಂದೇ ಥರ ಇರಲ್ವಂತೆ. ನಿಮ್ಮ ಎಡ ಅರ್ಧಕ್ಕೆ ಎಡಾನೇ ಜೋಡಿಸ್ತೀನಿ. ಬಲಕ್ಕೆ ಬಲ. ಇಬ್ಬರು ಭಾವಂದಿರು ಬರ್ತಾರೆ.”

“ಜೋಡಿಸು. ಒಬ್ಬ ಡ್ಯೂಟಿಗೆ ಹೋಗ್ಲಿ, ಒಬ್ಬ ಮನೇಲಿ ಮಲಗ್ಲಿ.”

“ಮಲಗೋನು ನನಗೆ ಬೇಡ. ಅವನನ್ನ ನೀನೇ ಇಟ್ಕೊ” ಅಂದೆ ನಾನು ತಮ್ಮನಿಗೆ.

ಮೊದಲು ಎಡಗಡೆಯವನು ಬಂದ. ತುಂಬಿದ ಕೆನ್ನೆ, ಕಣ್ಣಿನ ತುದಿಯಲ್ಲಿ ನಕ್ಕರೆ ಮೂಡುವಷ್ಟೇ ಗೆರೆ. ನನಗೆ ಗೊತ್ತಿರುವ ಗಂಡ. ಇವರು ಮೀಸೆ ತಿರುವಿದರು. “ನೋಡಿದ್ಯಾ? ಬಿಸಿಲು ಕುಡಿದ ಮೈ. ಬಿಸಿಲು ಅಂದ್ರೆ ಡಿ ವಿಟಮಿನ್. ಡಿ ಇದ್ದೋನಿಗೆ ಚರ್ಮ ಮುದಿಯಾಗಲ್ಲ, ಕ್ಯಾನ್ಸರ್ ಹತ್ರಾನೂ ಸುಳಿಯಲ್ಲ. ಮೊಬೈಲಲ್ಲಿ ಹೇಳ್ತಾರೆ. ನನ್ನ ಹತ್ರ ಮೊಮ್ಮಕ್ಕಳಿಗೂ ಆಗೋಷ್ಟು ಡಿ ಇದೆ.”

ಆಮೇಲೆ ಬಲಗಡೆಯವನು ಬಂದ.

ಕಂಪ್ಯೂಟರಿನ ಪರದೆಯ ಮೇಲೆ ಇದ್ದದ್ದು ಒಬ್ಬ ಮುದುಕ. ಕಣ್ಣಿನ ಕೆಳಗೆ ಚರ್ಮ ಜೋತು ಬಿದ್ದಿದೆ. ಕೆನ್ನೆಯ ತುಂಬ ಒಂದರೊಳಗೊಂದು ಹೊಕ್ಕ ಸುಕ್ಕು, ಒದ್ದೆ ಬಟ್ಟೆಯನ್ನು ಹಿಂಡಿ ಹಾಗೇ ಮೂಲೆಗೆ ಎಸೆದಂತೆ. ಎರಡೂ ಕಣ್ಣಿನ ಕೆಳಗೆ, ಕೆನ್ನೆಯ ಮೂಳೆಯ ಮೇಲೆ, ಒಂದೊಂದು ಕಪ್ಪು ಮಚ್ಚೆ.

“ಇದ್ಯಾಕೋ ನಮ್ಮಪ್ಪ ಬಂದ?” ಅಂದರು ಇವರು. ನಗಲು ಹೊರಟ ಬಾಯಿ ಅರ್ಧಕ್ಕೇ ನಿಂತಿತು. ಮಾವ ತೀರಿಕೊಂಡಾಗಿನ ಮುಖ ಅದು. ಇವರಿಗೆ ಇನ್ನೂ ಆ ವಯಸ್ಸಿಗೆ ಬಹಳ ದೂರವಿದೆ.

ನಾನು ಎದ್ದು ಇವರ ಗಲ್ಲ ಹಿಡಿದು ಮುಖ ತಿರುಗಿಸಿದೆ. ಕಂಪ್ಯೂಟರಿನ ಮೋಸ ಅಂದುಕೊಂಡಿದ್ದೆ, ಮೋಸವಲ್ಲ. ಬಲಗೆನ್ನೆ ಹಾಗೇ ಇತ್ತು, ಮಚ್ಚೆಯ ಸಮೇತ. ಹತ್ತಿರದಿಂದ ನೋಡಿದರೆ ಅದು ಪೂರ್ತಿ ಕಪ್ಪೂ ಅಲ್ಲ. ಒಂದು ಕಡೆ ಕಂದು, ಒಂದು ಕಡೆ ಮಸಿ, ಅಂಚು ಇಲಿ ಕಚ್ಚಿದ ಬಟ್ಟೆಯ ಹಾಗೆ.

ಜೊತೆಗೆ ಬಾಳುವ ಹೆಂಡತಿಗೆ ಹೇಗೆ ಕಾಣಲಿಲ್ಲ ಅಂತ ಕೇಳಬಹುದು. ನಾನೂ ಕೇಳಿಕೊಂಡೆ. ನಮ್ಮ ಕೋಣೆಯಲ್ಲಿ ಮಂಚ ಗೋಡೆಗೆ ಒತ್ತಿಕೊಂಡಿದೆ, ಇವರು ಬಲಮಗ್ಗುಲು ಗೋಡೆಗೆ ಕೊಟ್ಟು ಮಲಗುತ್ತಾರೆ. ಊಟಕ್ಕೆ ಕೂರುವುದೂ ಹಾಗೇ, ಬಲಕ್ಕೆ ಬೀರು. ಇವರ ಬಸ್ಸಿನಲ್ಲಿ ಹೋಗುವಾಗಲೂ ನನ್ನದು ಎಡಗಡೆಯ ಮುಂದಿನ ಸೀಟು. ಎದುರಿಗೆ ನಿಂತು ನೋಡುವುದು ಜಗಳವಾಡುವಾಗ ಮಾತ್ರ, ಆಗ ಮಚ್ಚೆ ಯಾರಿಗೆ ಕಾಣುತ್ತದೆ?

“ನಾಳೆ ಚರ್ಮದ ಡಾಕ್ಟರ ಹತ್ರ ಹೋಗ್ತಿದ್ದೀವಿ” ಅಂದೆ.

“ಹೋಗು. ನಿನ್ನ ಕಾಲು ಒಡೆದಿದೆಯಲ್ಲ, ತೋರಿಸು.”

“ರೀ, ನಾನು ಕೇಳ್ತಾ ಇಲ್ಲ, ಹೇಳ್ತಾ ಇದ್ದೀನಿ.”

ಡಾಕ್ಟರಮ್ಮ ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಮಾತಿನಲ್ಲಿ ನನ್ನ ಅತ್ತೆಯ ಹಾಗೆ. ಉದ್ದ ಮಾತಿಲ್ಲ. ಬೆಳಕಿನ ಭೂತಗನ್ನಡಿಯನ್ನು ಮಚ್ಚೆಯ ಮೇಲಿಟ್ಟು ನೋಡಿದಳು, ತೆಗೆದಳು, ಮತ್ತೆ ಇಟ್ಟಳು. ಎರಡನೆಯ ಸಲ ಇಟ್ಟಾಗ ನಾನು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡೆ.

“ಯಾವಾಗಿನಿಂದ ಇದೆ ಇದು?”

“ಹುಟ್ಟಿದಾಗಿನಿಂದ” ಅಂದರು ಇವರು, ಹಿಂದುಮುಂದು ನೋಡದೆ. “ಅದೃಷ್ಟದ ಮಚ್ಚೆ.”

“ಇದರ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು. ಬೆಳೀತಾ ಇರೋ ಮಚ್ಚೆ ಆದ್ರೆ ತಡ ಮಾಡೋ ಹಾಗಿಲ್ಲ.”

“ಚೂರು ತೆಗೀತೀರಾ? ಮುಖದಲ್ಲಿ?” ಹಾರನ್ ಬಾರಿಸಿತು. ಹೊರಗೆ ಕೂತಿದ್ದವರು ಇಣುಕಿದರು. “ಅಮ್ಮಾ, ನಾನು ಇಡೀ ಆಯುಷ್ಯ ಬಿಸಿಲಲ್ಲಿ ಕೂತೋನು. ಡಿ ವಿಟಮಿನ್ನೇ ಕ್ಯಾನ್ಸರ್ ತಡಿಯತ್ತಂತೆ. ನನ್ನ ರಕ್ತ ತಗೊಂಡು ನೋಡಿ, ಡಿ ಉಕ್ಕಿ ಹರೀತಿರತ್ತೆ. ಮುಖ ಕೊಯ್ಸಿಕೊಂಡು ಪಟ್ಟಿ ಹಾಕ್ಕೊಂಡು ಬಸ್ ಹತ್ತಿದ್ರೆ ಯಾರು ನನ್ನ ಹಿಂದೆ ಕೂರ್ತಾರೆ?”

ಡಾಕ್ಟರಮ್ಮ ಇವರನ್ನೇ ನೋಡಿದಳು. “ಸರಿ, ರಕ್ತವನ್ನೂ ನೋಡೋಣ. ಹುಟ್ಟಿದಾಗಿನಿಂದ ಇದ್ದದ್ದು ಅಂದ್ರೆ ಹಳೇ ಫೋಟೋದಲ್ಲೆಲ್ಲ ಇರಬೇಕು. ಇರೋ ಫೋಟೋ ಎಲ್ಲಾ ತನ್ನಿ.”

ಮುಂದಿನ ಸಲ ಹೋಗುವಾಗ ನಾನು ಪಾಲಿಶನನ್ನೂ ಎಳೆದುಕೊಂಡು ಹೋದೆ. ಇವರು ಓಡಿಹೋದರೆ ಹಿಡಿಯಲು ಒಂದು ಕೈ ಹೆಚ್ಚಿಗಿರಲಿ ಅಂತ.

ಡಾಕ್ಟರಮ್ಮ ರಕ್ತದ ವರದಿಯನ್ನು ಮೇಜಿನ ಮೇಲೆ ಇಟ್ಟಳು. “ಉಕ್ಕಿ ಹರೀತಿದೆ ಅಂದ್ರಲ್ಲ. ತಳ ಕಾಣ್ತಿದೆ. ನಿಮ್ಮ ಮೈಯಲ್ಲಿ ಡಿ ವಿಟಮಿನ್ ಇರಬೇಕಾದ್ದಕ್ಕಿಂತ ತೀರಾ ಕಮ್ಮಿ.”

“ಬೇರೆ ಯಾರದೋ ರಕ್ತ ಇರಬೇಕು ನೋಡಿ.”

“ನಿಮ್ಮದೇ. ಬಸ್ಸಿನ ಗಾಜು ಇಳಿಸಿ ಓಡಿಸ್ತೀರೋ, ಏರಿಸಿ ಓಡಿಸ್ತೀರೋ?”

“ಏರಿಸಿ. ಧೂಳು ಆಗಲ್ಲ.”

“ಅಲ್ಲೇ ಇರೋದು ವಿಷಯ. ಬಿಸಿಲು ಅಂದ್ರೆ ಒಂದೇ ಕಿರಣ ಅಲ್ಲ. ಚರ್ಮದಲ್ಲಿ ಡಿ ಹುಟ್ಟಿಸೋ ಕಿರಣ ಗಾಜಿನಲ್ಲೇ ನಿಂತುಬಿಡತ್ತೆ, ಒಳಗೆ ಬರಲ್ಲ. ಚರ್ಮದ ಆಳಕ್ಕೆ ಇಳಿದು ಸುಕ್ಕು ಮಾಡೋ ಕಿರಣ ಇದೆಯಲ್ಲ, ಅದು ಗಾಜು ದಾಟಿ ಬರತ್ತೆ. ಗಾಜಿನ ಹಿಂದೆ ಕೂತು ನೀವು ಕೆಟ್ಟದ್ದನ್ನಷ್ಟೇ ತಗೊಂಡಿರಿ, ಒಳ್ಳೇದು ಹೊರಗೇ ಉಳೀತು.”

ನನಗೆ ನನ್ನ ಕೈಯಲ್ಲಿ ಹೊಲಿದ ಪರದೆಗಳು ನೆನಪಾದವು. ನಾನು ಬಸ್ಸುಗಳಿಗೆ ಪರದೆ ಹೊಲಿಯುವವಳು. ಗಾಜಿನ ಕಡೆಯ ಪರದೆ ಬೇಗ ಬಣ್ಣ ಬಿಟ್ಟು, ಎಳೆದರೆ ಹಪ್ಪಳದ ಹಾಗೆ ಮುರಿಯುತ್ತದೆ, ಮಡಿಕೆಯ ಒಳಗಿನ ಬಟ್ಟೆ ಹೊಸದರಂತೇ ಇರುತ್ತದೆ. ಇವರ ಬಸ್ಸಿನ ಎಷ್ಟು ಪರದೆಗಳನ್ನು ಹಾಳಾಯಿತೆಂದು ಬಿಚ್ಚಿ ಹೊಸದು ಹಾಕಿದ್ದೇನೆ! ಎಲ್ಲ ಕಿಟಕಿಗೂ ಪರದೆ ಇದೆ, ಡ್ರೈವರನ ಕಿಟಕಿಗೆ ಮಾತ್ರ ಇಲ್ಲ. ಅಲ್ಲಿ ಪರದೆಯ ಬದಲು ನನ್ನ ಗಂಡನ ಕೆನ್ನೆ ಇತ್ತು.

“ಹಾಗಾದ್ರೆ ಡಿ ಕ್ಯಾನ್ಸರ್ ತಡಿಯತ್ತೆ ಅನ್ನೋದು ಸುಳ್ಳಾ?” ಎಂದು ನಾನೇ ಕೇಳಿದೆ.

“ಪೂರ್ತಿ ಸುಳ್ಳಲ್ಲಮ್ಮ. ಬಿಸಿಲಿನಿಂದ ಒಳಗೊಳಗೇ ಆದ ಗಾಯವನ್ನ ಚರ್ಮ ರಿಪೇರಿ ಮಾಡಿಕೊಳ್ಳೋವಾಗ ಡಿ ಕೈಜೋಡಿಸೋ ಹಾಗೆ ಕಾಣತ್ತೆ. ಬೇಗ ಮುದಿಯಾಗದ ಹಾಗೆ, ಕೆಟ್ಟ ದಾರಿ ಹಿಡಿಯದ ಹಾಗೆ ಕಾಯೋದ್ರಲ್ಲಿ ಅದಕ್ಕೂ ಪಾಲಿರಬಹುದು. ಎಷ್ಟು ಅಂತ ಇನ್ನೂ ಹುಡುಕ್ತಾ ಇದ್ದಾರೆ. ಆದ್ರೆ ಕಾವಲಿನವನು ಇದ್ದಾನೆ ಅಂತ ಬಾಗಿಲು ಹಾರುಹೊಡೆದು ಮಲಗೋಕಾಗತ್ತಾ? ನಿಮ್ಮ ಯಜಮಾನರ ವಿಷಯದಲ್ಲಿ ಕಾವಲಿನವನೂ ಇರಲಿಲ್ಲ. ಡಿಗೆ ಮಾತ್ರೆ ಕೊಡ್ತೀನಿ, ಅದು ಸುಲಭ. ಫೋಟೋ ತೋರಿಸಿ.”

ಇವರು ಜೇಬಿನಿಂದ ಹಳೆಯ ಗುರುತಿನ ಚೀಟಿ, ಫೋಟೋಗಳನ್ನೆಲ್ಲ ತೆಗೆದು ಇಸ್ಪೀಟಿನ ಎಲೆಯಂತೆ ಸಾಲಾಗಿ ಹರಡಿದರು. ಹರಡುತ್ತ ಹರಡುತ್ತ ಅವರ ಹುಬ್ಬೇ ಮೇಲಕ್ಕೆ ಹೋಯಿತು. ಒಂದರಲ್ಲೂ ಮಚ್ಚೆ ಇಲ್ಲ. ಕೆನ್ನೆ ಬಿಳಿ ಕಾಗದದಷ್ಟು ಚೊಕ್ಕಟ.

ನಾನು ಒಂದೊಂದನ್ನೇ ಬೆಳಕಿಗೆ ಹಿಡಿದೆ. ಹಿಂದಿನ ಚೀಟಿಯಲ್ಲೂ ಇಲ್ಲದ್ದು ಈಗ ಇಷ್ಟು ದೊಡ್ಡದಾಗಿ ಬಂದಿದೆ ಅಂದರೆ ಅದು ಎಂಥ ವೇಗ? ನಮ್ಮವರಿಗೆ ಮಾತ್ರ ಅದರಿಂದಲೇ ಧೈರ್ಯ ಬಂದುಬಿಟ್ಟಿತು.

“ನೋಡಿ, ಎಲ್ಲೂ ಇಲ್ಲ! ಹುಟ್ಟಿನಿಂದ ಇದ್ದದ್ದಲ್ಲ, ನಾನೇ ತಪ್ಪು ತಿಳಿದಿದ್ದೆ. ಈಗ ಬಂದ ಸೆಕೆ ಗುಳ್ಳೆ. ಬಂದ ಹಾಗೇ ಹೋಗತ್ತೆ. ಏಳೇ, ಮನೆಗೆ ಹೋಗೋಣ.”

“ಕೂತ್ಕೊಳ್ಳಿ” ಅಂದಳು ಡಾಕ್ಟರಮ್ಮ. ಸಾಲಿನ ಕೊನೆಯ ಫೋಟೋ ಎತ್ತಿಕೊಂಡಳು. “ಇದು ಯಾವಾಗಿಂದು?”

“ಮೊನ್ನೆದು. ಹೊಚ್ಚಹೊಸದು.”

“ನೀವು ಮೊದಲ ಸಲ ಇಲ್ಲಿಗೆ ಬಂದಿರಲ್ಲ, ಅದರ ಹಿಂದಿನ ದಿನದ್ದಾ?”

“ಹೂಂ.”

ಆ ಫೋಟೋವನ್ನು ಅವಳು ಇವರ ಕೆನ್ನೆಯ ಪಕ್ಕ ಹಿಡಿದಳು. ಕೆನ್ನೆಯಲ್ಲಿ ಮಚ್ಚೆ ಇದೆ, ಫೋಟೋದಲ್ಲಿ ಇಲ್ಲ. ಆ ದಿನ ಕಂಪ್ಯೂಟರಿನ ಮೇಲೆ ಎರಡೆರಡಾಗಿ ನನ್ನ ಕಣ್ಣಿಗೆ ರಾಚಿದ ಮಚ್ಚೆ ಅದು.

ನಾನು ಮೆಲ್ಲಗೆ ತಮ್ಮನ ಕಡೆ ತಿರುಗಿದೆ. ಅವನು ನೆಲ ನೋಡುತ್ತಿದ್ದ.

“ಅಳಿಸಿದೆ ಅಕ್ಕಾ” ಅಂದ.

“ಇದೊಂದರಲ್ಲಾ?”

“ಎಲ್ಲದರಲ್ಲೂ. ಕಂಡಾಗಿನಿಂದ.”

“ಕಂಡಾಗಿನಿಂದ ಅಂದ್ರೆ? ಅದು ಬೆಳೆಯೋದನ್ನ ನೋಡ್ತಾ ಕೂತಿದ್ಯಾ ನೀನು?”

“ನಾನು ಮುಖ ನೋಡಲ್ಲಕ್ಕ. ಕಲೆ ನೋಡ್ತೀನಿ. ಅಳಿಸ್ತೀನಿ. ಅಷ್ಟೇ. ಅದು ಭಾವನ ಕೆನ್ನೆ ಅಂತ ಒಂದು ಸಲಾನೂ ಹೊಳೀಲಿಲ್ಲ.”

ಚಪ್ಪಲಿ ಕಳಚಬೇಕೆನ್ನಿಸಿತು ನನಗೆ. ಆದರೆ ಅವನ ಕಣ್ಣು ನೋಡಿದ ಮೇಲೆ ಕೈ ಏಳಲಿಲ್ಲ. ಅವನಿಗೆ ಬೀಳಬೇಕಾದ ಏಟು ಬಿದ್ದಾಗಿತ್ತು.

“ಅಳಿಸದೇ ಇರೋ ಫೋಟೋ ಒಂದೂ ಇಲ್ವಾ?” ಅಂದಳು ಡಾಕ್ಟರಮ್ಮ.

“ಗಿರಾಕಿ ತಗೊಂಡು ಹೋದ ಮೇಲೆ ಕಂಪ್ಯೂಟರಿನಿಂದ ತೆಗೆದುಬಿಡ್ತೀನಿ. ಜಾಗ ಸಾಲಲ್ಲ.”

ಇವರು ಎದ್ದು ನಿಂತಿದ್ದರು. “ಅಂದ್ರೆ ಬೆಳೆದಿದೆ ಅನ್ನೋದಕ್ಕೆ ಸಾಕ್ಷಿ ಇಲ್ಲ. ಹುಟ್ಟಿನಿಂದ ಇದ್ದದ್ದೇ ಇರಬೇಕು. ಅಮ್ಮ ಹೇಳ್ತಿದ್ದ ನೆನಪು. ನಾನು ಕೊಯ್ಸಿಕೊಳ್ಳಲ್ಲ.” ಮನುಷ್ಯ ಹೆದರಿದಾಗ ಯಾವ ಬಾಗಿಲು ಸಿಕ್ಕಿದರೆ ಆ ಬಾಗಿಲಿನಿಂದ ಓಡುತ್ತಾನೆ. ಇವರು ಸರದಿಯ ಮೇಲೆ ಹುಟ್ಟಿನ ಮಚ್ಚೆ, ಸೆಕೆ ಗುಳ್ಳೆ ಎಂಬ ಎರಡೂ ಬಾಗಿಲು ಬಡಿಯುತ್ತಿದ್ದರು. ಬಲವಂತವಾಗಿ ಕೊಯ್ಯಲು ಇವರೇನು ಬಟ್ಟೆಯೇ?

ಆಗ ನನಗೆ ಹೊಳೆಯಿತು. “ಲೋ, ಶೋಕೇಸಿನ ಹಲಗೆ! ‘ಮೊದಲು’ ಅನ್ನೋ ಮುಖ ಅಳಿಸದೇ ಇರೋದು ತಾನೇ?”

ಪಾಲಿಶ್ ಹಣೆಗೆ ಹೊಡೆದುಕೊಂಡ. “ಹೌದು! ಹಳೇ ಹಲಗೆಗಳೂ ಇವೆ ಅಕ್ಕ. ನೀಲಿ ಪರದೆ ಹಿಂದೆ ಗೋಡೆ ಒದ್ದೆ ಆಗತ್ತೆ ಅಂತ ಅಲ್ಲೇ ಮೊಳೆ ಹೊಡೆದು ಹಾಕಿದ್ದೀನಿ.”

ಮೂವರೂ ನೇರ ಸ್ಟುಡಿಯೋಗೆ ಬಂದೆವು. ಇವರು ಬರುವುದಿಲ್ಲ ಅನ್ನಲಿಲ್ಲ. ಪಾಲಿಶ್ ಪರದೆ ಸರಿಸಿ, ಮೊಳೆ ಕಿತ್ತು, ಒಂದೊಂದೇ ಹಲಗೆ ಇಳಿಸಿ ಬೆಂಚಿನ ಮೇಲೆ ಒರಗಿಸಿದ. ನಾನು ಸೀರೆಯ ಸೆರಗಿನಿಂದ ಬೂಷ್ಟು ಒರೆಸಿದೆ. ಶೋಕೇಸಿನ ಗಾಜಿನ ಹಿಂದಿನ ಬಿಸಿಲು ಎಲ್ಲ ಬಣ್ಣವನ್ನೂ ತಿಂದು ಮುಖಗಳು ನೀಲಿಗಟ್ಟಿದ್ದವು. ಆದರೆ ಕಪ್ಪು ಕಪ್ಪಾಗಿಯೇ ಉಳಿದಿತ್ತು.

ಎಲ್ಲಕ್ಕಿಂತ ಹಳೆಯ ಹಲಗೆಯ ‘ಮೊದಲು’ ಮುಖದಲ್ಲಿ ಕೆನ್ನೆಯ ಮೂಳೆಯ ಮೇಲೆ ಏನೂ ಇಲ್ಲ. ಹುಟ್ಟಿನ ಮಚ್ಚೆಯ ಕಥೆ ಅಲ್ಲಿಗೆ ಮುಗಿಯಿತು. ಅದರ ಮುಂದಿನದರಲ್ಲಿ ಗುಂಡುಸೂಜಿಯ ತಲೆಯಷ್ಟು ಚುಕ್ಕೆ. ಆಮೇಲಿನದರಲ್ಲಿ ರವಿಕೆಯ ಟಿಕ್ ಬಟನ್ನಿನಷ್ಟು. ಈಗ ಶೋಕೇಸಿನಲ್ಲಿ ಇದ್ದದ್ದರಲ್ಲಿ ಅಂಗಿಯ ಗುಂಡಿಯಷ್ಟು, ಅಂಚು ಹರಿದ ಗುಂಡಿ. ಊರಿಗೆ ಊರೇ ಓಡಾಡುವ ಬೀದಿಯಲ್ಲಿ, ಹಗಲು ಬೆಳಕಿನಲ್ಲಿ, ದೊಡ್ಡದು ಮಾಡಿ ನೇತುಹಾಕಿದ್ದ ಮುಖ. ನಾನೇ ದಿನಕ್ಕೊಂದು ಸಲ ಅದರ ಮುಂದೆ ಹಾಯ್ದುಹೋಗಿದ್ದೇನೆ. ಒಬ್ಬರಿಗೂ ಮಚ್ಚೆ ಕಾಣಲಿಲ್ಲ. ‘ಮೊದಲು’ ಮುಖವನ್ನು ಯಾರು ನೋಡುತ್ತಾರೆ? ಎಲ್ಲರ ಕಣ್ಣೂ ‘ನಂತರ’ದ ಮೇಲೆ.

ಇವರು ಹಲಗೆಗಳ ಮುಂದೆ ನಿಂತರು. ಮೊದಲನೆಯದರಿಂದ ಕೊನೆಯದರವರೆಗೆ ಬೆರಳು ಸರಿಸಿಕೊಂಡು ಬಂದರು. ಕೊನೆಗೆ ಆ ಬೆರಳು ತಮ್ಮದೇ ಕೆನ್ನೆಯ ಮೇಲೆ ಬಂದು ನಿಂತಿತು. ಇಷ್ಟು ವರ್ಷದಲ್ಲಿ ಹಾರನ್ ಇಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿಲ್ಲ.

“ಇವತ್ತೇ ಕೊಯ್ತಾರಾ ಕೇಳು” ಅಂದರು.

ಚೂರು ಕೊಯ್ದು ಕಳಿಸಿದ ಪರೀಕ್ಷೆಯ ಫಲಿತಾಂಶ ಬಂದ ದಿನ ಡಾಕ್ಟರಮ್ಮ ಸುತ್ತುಬಳಸಿ ಹೇಳಲಿಲ್ಲ. ಕ್ಯಾನ್ಸರೇ. ಆ ಪದ ಕಿವಿಗೆ ಬಿದ್ದಾಗ ನನ್ನ ಕಣ್ಣ ಮುಂದೆ ಬಂದದ್ದು, ನಗು ಬರುತ್ತದೆ, ಅರ್ಧ ಹೊಲಿದು ಬಿಟ್ಟುಬಂದ ಸೀಟ್ ಕವರು. ಅದನ್ನು ಯಾರು ಮುಗಿಸುತ್ತಾರೆ ಅಂತ. ತಲೆ ಅಂಥ ಹೊತ್ತಲ್ಲಿ ಎಲ್ಲೋ ಹೋಗಿ ಅವಿತುಕೊಳ್ಳುತ್ತದೆ. ಇವರೊಬ್ಬರೇ ನೆಟ್ಟಗೆ ಕೂತು ಕೇಳಿದರು, “ಎಲ್ಲಿಗೆ ಮುಟ್ಟಿದೆ?”

“ಮೇಲಿನ ಪದರದಲ್ಲೇ ಹರಡಿದೆ, ಕೆಳಗೆ ಇಳಿದಿಲ್ಲ. ಸುತ್ತ ಇನ್ನಷ್ಟು ಚರ್ಮ ತೆಗೀಬೇಕು. ಆಮೇಲೂ ಆಗಾಗ ಬಂದು ತೋರಿಸ್ತಾ ಇರಬೇಕು. ಸೆಕೆ ಗುಳ್ಳೆ ಅಂತ ಮನೆಗೆ ಹೋಗಿದ್ರೆ ಮಾತು ಬೇರೆ ಇರ್ತಿತ್ತು.”

ತೆಗೆದರು. ಕಣ್ಣಿನ ಕೆಳಗಿನಿಂದ ಕಿವಿಯ ತನಕ ಹೊಲಿಗೆ ಬಿತ್ತು. ಹೊಲಿಗೆ ಚೆನ್ನಾಗಿತ್ತು, ನಾನು ನೋಡಿ ಒಪ್ಪಿದೆ. ಡ್ಯೂಟಿಗೆ ಹೋಗಲು ಶುರು ಮಾಡಿದಾಗ ಡಾಕ್ಟರಮ್ಮ ಕೊಟ್ಟ ಮುಲಾಮು, ಮಾತ್ರೆ, ಕಿಟಕಿಯ ಗಾಜಿಗೆ ಬಿಸಿಲು ತಡೆಯುವ ಹಾಳೆ. ಅದರ ಮೇಲೆ ನಾನು ಹೊಲಿದುಕೊಟ್ಟ, ಬಲಗಡೆ ಮಾತ್ರ ಬಟ್ಟೆ ಇಳಿಬಿಟ್ಟ ಟೋಪಿ. ಜೊತೆಯವರು “ಏನು ಮದುಮಗಳೇ, ಅರ್ಧ ಮುಸುಕು?” ಅಂದರಂತೆ. ಇವರು “ಮುಖ ನೋಡೋಕೆ ಮುಯ್ಯಿ ಇಡಬೇಕು” ಅಂದರಂತೆ.

ಮೊನ್ನೆ ಸ್ಟುಡಿಯೋದಲ್ಲಿ ಅದೇ ಸ್ಟೂಲಿನ ಮೇಲೆ ಕೂತಿದ್ದೆ. ಇವರು ಬಾಗಿಲ ಬಳಿ ಪೇಪರ್ ಓದುತ್ತಿದ್ದರು. ಶೋಕೇಸಿನಲ್ಲಿ ಈಗ ಹಲಗೆ ಇಲ್ಲ. ಚೌಕದಲ್ಲಿ ಬಿಸಿಲಿಗೆ ನಿಲ್ಲುವ ಟ್ರಾಫಿಕ್ ಪೇದೆ ಫೋಟೋ ತೆಗೆಸಲು ಬಂದಿದ್ದ. ತೆಗೆಸಿಕೊಂಡು ಕಂಪ್ಯೂಟರಿನೊಳಗೆ ಇಣುಕಿದ.

“ಕಿವಿ ಮೇಲೆ ಕಪ್ಪು ಚುಕ್ಕೆ ಇದೆಯಲ್ಲ, ಅದನ್ನ ತೆಗಿಯಪ್ಪ ಪಾಲಿಶ್.”

ತಮ್ಮನ ಬೆರಳು ಮೌಸಿನ ಮೇಲೆ ನಿಂತುಬಿಟ್ಟಿತು. “ಸಾರ್, ಇದು ಯಾವಾಗಿನಿಂದ ಇದೆ?”

“ನಿನಗ್ಯಾಕೆ ಅದು? ತೆಗೆಯೋದು ನಿನ್ನ ಕೆಲಸ.”

“ಎರಡು ಪ್ರಿಂಟ್ ಕೊಡ್ತೀನಿ ಸಾರ್. ತೆಗೆದದ್ದು ಆಫೀಸಿಗೆ. ತೆಗೆಯದೇ ಇರೋದು ಡಾಕ್ಟರಿಗೆ.”

“ಡಾಕ್ಟರಿಗಾ? ಒಂದು ಚುಕ್ಕೆಗಾ?” ಪೇದೆ ಗಹಗಹಿಸಿ ನಕ್ಕ. “ಬಿಸಿಲಲ್ಲಿ ನಿಲ್ಲೋನಪ್ಪ ನಾನು, ಡಿ ವಿಟಮಿನ್ ಬೇಕಾದಷ್ಟಿದೆ. ನನಗೇನಾಗತ್ತೆ?”

ಇವರು ಪೇಪರ್ ಮಡಿಸಿ ಕೆಳಗಿಟ್ಟರು. ಟೋಪಿ ತೆಗೆದರು. ಹೊಲಿಗೆ ಬಿದ್ದ ಬಲಗೆನ್ನೆಯನ್ನು ಪೇದೆಯ ಕಡೆಗೆ ತಿರುಗಿಸಿದರು.

ನಗು ಪೇದೆಯ ಬಾಯಲ್ಲೇ ನಿಂತಿತು. ಅವನ ಕೈ ತಾನಾಗಿ ಕಿವಿಗೆ ಹೋಯಿತು.